ನಾನು ಹೇಳದೆ ಬಿಟ್ಟ ಆರು ಅಧ್ಯಾಯ

ಅಬುಧಾಬಿ ಹೊರವಲಯದ ಬನಿಯಾಸ್‌ನ ಆ ಫ್ಲ್ಯಾಟಿನಲ್ಲಿ ನಾವಿಬ್ಬರು ಹೆಂಗಸರು ನಾಲ್ಕು ವರ್ಷ ಜೊತೆಗಿದ್ದೆವು. ನಾನು ಮೈಸೂರಿನವಳು, ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸ. ಗಂಡನಿಗೆ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸವಾದ್ದರಿಂದ ವಾರವಿಡೀ ಅವರು ಅಲ್ಲಿ, ನಾನು ಇಲ್ಲಿ. ಶುಕ್ರವಾರ ಸಂಜೆ ಬಸ್ಸು ಹತ್ತಿ ಹೋದರೆ ಭಾನುವಾರ ಸಂಜೆ ವಾಪಸು. ಇನ್ನೊಂದು ಕೋಣೆಯಲ್ಲಿದ್ದವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಮಾರಾಯ್ತಿ.

ಅಕ್ಕನಿಗೆ ಒಂದು ಚಟವಿತ್ತು. ಹೋಟೆಲಿನ ಸ್ಟಾಫ್ ಬಸ್ಸಿನಲ್ಲಿ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಒಂದು ಗಂಟೆ, ಫೋನಿನಲ್ಲಿ ಒಂದು ಜಪಾನಿ ವೆಬ್ ಕಾದಂಬರಿ ಓದುವುದು. ಇಂಥ ಕಾದಂಬರಿಗಳನ್ನು ಯಾರೋ ಹವ್ಯಾಸಿ ಲೇಖಕರು ದಿನಕ್ಕೊಂದು ಸಣ್ಣ ಅಧ್ಯಾಯದಂತೆ ಇಂಟರ್ನೆಟ್ಟಿಗೆ ಹಾಕುತ್ತಾರೆ, ಇನ್ನಾರೋ ಹವ್ಯಾಸಿಗಳು ಇಂಗ್ಲಿಷಿಗೆ ತರುತ್ತಾರೆ. ಜನ ಮೆಚ್ಚಿದರೆ ಅದು ಮಾಂಗಾ, ಅಂದರೆ ಚಿತ್ರಕಥೆಯ ಪುಸ್ತಕವಾಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಅನಿಮೆಯಾಗಿ ಟಿವಿಗೂ ಬರುತ್ತದೆ. ಅಕ್ಕ ಓದುತ್ತಿದ್ದ ಕಥೆಯಲ್ಲಿ, ಕಚೇರಿ ಕೆಲಸದಲ್ಲಿ ಸವೆದುಹೋದ, ನಲವತ್ತು ದಾಟಿದ ಹೆಂಗಸೊಬ್ಬಳು ಸತ್ತು ಬೇರೊಂದು ಲೋಕದ ನದೀತೀರದಲ್ಲಿ ಕಣ್ಣು ಬಿಡುತ್ತಾಳೆ. ಅಲ್ಲಿನ ಮುದಿ ಅಂಬಿಗನೊಬ್ಬ ಅವಳಿಗೆ ಅನ್ನ ಹಾಕಿ ದೋಣಿ ನಡೆಸುವುದನ್ನು ಕಲಿಸುತ್ತಾನೆ. ಅಲ್ಲಿ ಯುದ್ಧವಿಲ್ಲ, ರಾಕ್ಷಸರಿಲ್ಲ. ಜನ ಬರುತ್ತಾರೆ, ದಾಟುವಾಗ ತಮ್ಮ ಕಥೆ ಹೇಳುತ್ತಾರೆ, ಇಳಿದು ಹೋಗುತ್ತಾರೆ. ಬರೀ ಆ ದಡ ಈ ದಡ ಮಾಡುವುದನ್ನು ಆರುನೂರು ಅಧ್ಯಾಯ ಓದುವುದರಲ್ಲಿ ಏನಿದೆ ಎಂದು ನಾನು ಒಮ್ಮೆ ಕೇಳಿದ್ದೆ. ಅಕ್ಕ ನಕ್ಕು ಮತ್ತೆ ಫೋನಿಗೆ ಮರಳಿದ್ದರು.

ಒಂದು ದಿನ ಬೆಳಗ್ಗೆ ತಿಂಡಿ ತಿನ್ನುವಾಗ ಅವರು ಮಾತಿನ ನಡುವೆ, ಬಲಗಣ್ಣಿನ ಬದಿಯಿಂದ ಪರದೆ ಎಳೆದ ಹಾಗೆ ಕಾಣುತ್ತಿದೆ ಎಂದರು. ಅದಕ್ಕೂ ಮೊದಲು ಎರಡು ವಾರ ಕಪ್ಪು ನೂಲುಗಳು ತೇಲಿದ ಹಾಗೆ ಕಾಣುತ್ತಿದ್ದವಂತೆ. ಕೆಲಸದ ಸುಸ್ತು ಎಂದುಕೊಂಡಿದ್ದರು. ನಾನು ವೈದ್ಯಳಲ್ಲ, ಆದರೆ ಅಂಥ ದಾಖಲೆಗಳನ್ನು ಸಾಕಷ್ಟು ನೋಡಿದ್ದೆ. ಅಂದೇ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಪದರ ಕಳಚಿಕೊಂಡಿತ್ತು. ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು. ಅಕ್ಕನ ಎಡಗಣ್ಣು ಚಿಕ್ಕಂದಿನಿಂದಲೇ ಮಂದ, ಓದುವುದೆಲ್ಲ ಬಲಗಣ್ಣಿನಲ್ಲೇ. ಪದರ ಮತ್ತೆ ಅಂಟಿಕೊಳ್ಳಲೆಂದು ವೈದ್ಯರು ಆ ಕಣ್ಣಿನೊಳಗೆ ಒಂದು ಅನಿಲದ ಗುಳ್ಳೆ ತುಂಬಿಸಿ, ಒಂದು ವಾರ ಮುಖ ಕೆಳಗೆ ಮಾಡಿ ಮಲಗಬೇಕು ಎಂದರು. ಗುಳ್ಳೆ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಹಾಗಾಗಿ ಊರಿಗೆ ಹೋಗುವ ಮಾತೂ ಇರಲಿಲ್ಲ.

ಅವರ ಇಗರ್ಜಿಯ ಹೆಂಗಸರು ಸರದಿಯ ಮೇಲೆ ಮಧ್ಯಾಹ್ನದ ಗಂಜಿ ತಂದುಕೊಡುತ್ತಿದ್ದರು. ಸಂಜೆ ಐದಕ್ಕೆ ನಾನು ಬರುತ್ತಿದ್ದೆ. ಮೂರನೆಯ ದಿನ ದಿಂಬಿನೊಳಗಿಂದ ಅಕ್ಕನ ದನಿ ಬಂತು. ಆ ಕಥೆ ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಸ್ವಲ್ಪ ಓದಿ ಹೇಳಲು ಆಗುತ್ತದಾ ಎಂದು ಕೇಳಿದರು. ನಾನು ಅವರ ಫೋನು ತೆಗೆದುಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತು ಇಂಗ್ಲಿಷಿನಲ್ಲಿ ಓದತೊಡಗಿದೆ. ಎರಡು ಪುಟವಾಗುವಷ್ಟರಲ್ಲಿ ತಡೆದರು.

“ಇಂಗ್ಲಿಷ್ ಬೇಡ ಮಾರಾಯ್ತಿ. ಓದುವಾಗ ಆಗ್ತದೆ, ಕೇಳುವಾಗ ಮೀಟಿಂಗಿನಲ್ಲಿ ಕೂತ ಹಾಗೆ ಆಗ್ತದೆ. ಕನ್ನಡದಲ್ಲಿ ಹೇಳು.”

ಅವರ ಮನೆಮಾತು ನನಗೆ ಬಾರದು, ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡವೇ. ಆದರೆ ನೀರಿನ ಮೇಲಿನ ಮಾತು ನನ್ನ ಕನ್ನಡದಲ್ಲಿ ಇರಲಿಲ್ಲ. ಅವಳು ಕೋಲು ಊರಿ ದೋಣಿ ತಳ್ಳಿದಳು ಎಂದರೆ, ಕೋಲಲ್ಲ, ಗಳ ಎಂದು ದಿಂಬಿನೊಳಗಿಂದ ತಿದ್ದುತ್ತಿದ್ದರು. ದೋಣಿ ದಾಟುವ ಜಾಗ ಎಂದರೆ, ಅದಕ್ಕೆ ಕಡವು ಎನ್ನುತ್ತಾರೆ ಎನ್ನುತ್ತಿದ್ದರು. ಚಿಕ್ಕವರಿದ್ದಾಗ ಅವರು ಶಾಲೆಗೆ ಹೋಗಿದ್ದು ಕಡವು ದಾಟಿಕೊಂಡೇ ಅಂತೆ. ಹೀಗೆ ಎಲ್ಲಿಯೋ ಕೂತು ಜಪಾನಿ ಲೇಖಕರೊಬ್ಬರು ಬರೆದ ನದಿ, ಬನಿಯಾಸ್‌ನ ಆ ಕೋಣೆಯಲ್ಲಿ ದಿನದಿನಕ್ಕೆ ಅಕ್ಕನ ಊರಿನ ಹೊಳೆಯಾಗುತ್ತ ಬಂತು.

ನಾಲ್ಕಾರು ದಿನಗಳಲ್ಲಿ, ನಾನು ಬರೀ ಅನುವಾದ ಮಾಡುತ್ತಿಲ್ಲ ಎಂಬುದು ನನಗೇ ತಿಳಿಯಿತು. ದಿನಕ್ಕೊಂದು ಕಂತು ಬರೆಯುವ ಲೇಖಕರು ನಿನ್ನೆಯದನ್ನು ಇವತ್ತು ಮತ್ತೆ ನೆನಪಿಸುತ್ತಾರೆ. ನಾಯಕಿ ಒಂದು ಗಳ ಊರುವಷ್ಟರಲ್ಲಿ ಎರಡು ಪುಟ ಯೋಚಿಸುತ್ತಾಳೆ. ಕಣ್ಣಿಗೆ ಅದು ಹಿತ, ಕಿವಿಗೆ ಭಾರ. ನಾನು ಎರಡು ಅಧ್ಯಾಯ ಸೇರಿಸಿ ಒಂದು ಮಾಡುತ್ತಿದ್ದೆ, ಯೋಚನೆಯನ್ನು ಮಾತಾಗಿ ಬದಲಿಸುತ್ತಿದ್ದೆ, ಕೆಲವನ್ನು ಬಿಟ್ಟೇ ಬಿಡುತ್ತಿದ್ದೆ. ಒಮ್ಮೆ ಹಳೆಯ ಜನ್ಮದ ತಾಯಿಯನ್ನು ನೆನೆದು ಅವಳು ಪಡುವ ಒಂದಿಡೀ ಅಧ್ಯಾಯದ ಸಂಕಟವನ್ನು, “ಅವಳು ಗಳವನ್ನು ನೀರಿನಿಂದ ಎತ್ತಿ, ಮತ್ತೆ ಊರದೆ ಹಾಗೇ ಹಿಡಿದು ನಿಂತಳು” ಎಂಬ ಒಂದೇ ವಾಕ್ಯದಲ್ಲಿ ಹೇಳಿದೆ. ಸಾಕು, ಗೊತ್ತಾಯಿತು ಎಂದರು ಅಕ್ಕ. ಆ ಹೊಗಳಿಕೆಯ ಹಿಗ್ಗು ನನಗೆ ಎರಡು ದಿನ ಇತ್ತು.

ವಾರ ಕಳೆದ ಮೇಲೆ ಅಕ್ಕ ಎದ್ದು ಕೂರುವಂತಾದರು. ಆದರೆ ಕಣ್ಣಿನ ಮುಂದೆ ಬರೀ ನೀರು ತುಳುಕಿದ ಹಾಗೆ. ದೃಷ್ಟಿ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು ಎಂದು ವೈದ್ಯರು ಹೇಳಿದ್ದರು. ಅದೇ ಹೊತ್ತಿಗೆ ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಊಟದ ವಿರಾಮದಲ್ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ನನ್ನ ಫೋನಿನಲ್ಲಿ ಮುಂದಾಗಿ ಓದಿಕೊಂಡೆ. ಮುಂದಿನ ಆರು ಅಧ್ಯಾಯ ಅಂಬಿಗ ಅಜ್ಜನ ಕಣ್ಣು ಹೋಗುವುದರ ಬಗ್ಗೆ ಇತ್ತು. ಅವನು ಅದನ್ನು ಎಲ್ಲರಿಂದ ಮುಚ್ಚಿಡುತ್ತಾನೆ. ಗಳ ಎಷ್ಟು ಸಲ ಊರಿದೆ ಎಂದು ಎಣಿಸಿ ದಡ ಬಂತೆಂದು ತಿಳಿಯುತ್ತಾನೆ. ಹಲಗೆಯ ಮೇಲಿನ ಹೆಜ್ಜೆಯಲ್ಲೇ ಜನರನ್ನು ಗುರುತಿಸುತ್ತಾನೆ. ಒಂದು ಮಂಜಿನ ಬೆಳಗ್ಗೆ ಲೆಕ್ಕ ತಪ್ಪಿ, ಒಂದು ಮಗು ನೀರಿಗೆ ಬೀಳುತ್ತದೆ. ಮಗು ಉಳಿಯುತ್ತದೆ. ಅಜ್ಜ ಮಾತ್ರ ಗಳವನ್ನು ಅವಳ ಕೈಗೆ ಕೊಟ್ಟವನು ಮತ್ತೆಂದೂ ದೋಣಿಗೆ ಕಾಲಿಡುವುದಿಲ್ಲ. ಇಡೀ ಕಾದಂಬರಿಯಲ್ಲಿ ಅಷ್ಟು ಚೆನ್ನಾಗಿ ಬರೆದ ಭಾಗ ಇನ್ನೊಂದಿರಲಿಲ್ಲ. ಅದನ್ನು ಅಕ್ಕನ ಮುಂದೆ ಓದುವುದು ನನ್ನಿಂದ ಸಾಧ್ಯವಿರಲಿಲ್ಲ.

ಅಂದು ಸಂಜೆ ನಾನು, ಮೇಲಿನ ಊರಿನಲ್ಲಿದ್ದ ತಂಗಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಅಜ್ಜ ಹೊರಟುಹೋದ ಎಂದು ಹೇಳಿದೆ.

“ಹೇಳದೆ ಕೇಳದೆ ಹೋದದ್ದಾ? ಆ ಅಜ್ಜ?” ಎಂದರು ಅಕ್ಕ.

ತುಂಬ ಅವಸರದಲ್ಲಿ ಹೋಗಬೇಕಾಯಿತು ಎಂದೆ. ತೊಂದರೆ ಶುರುವಾದದ್ದು ಆಮೇಲೆ. ಕಾದಂಬರಿಯಲ್ಲಿ ಅಜ್ಜ ದಡದಲ್ಲೇ ಕೂತು ಅವಳಿಗೆ ಬುದ್ಧಿ ಹೇಳುತ್ತಿರುತ್ತಾನೆ. ನನ್ನ ಕಥೆಯಲ್ಲಿ ಅವನು ಮೇಲಿನ ಊರಿನಲ್ಲಿದ್ದಾನೆ. ಹಾಗಾಗಿ ಅವನಿಂದ ಕಾಗದ ಬರೆಸಬೇಕಾಯಿತು. ದೋಣಿಗೆ ಬರುವ ಪ್ರಯಾಣಿಕರ ಕೈಯಲ್ಲಿ ಅವನು ಕಾಗದ ಕಳಿಸುತ್ತಿದ್ದ. ಅವನ್ನೆಲ್ಲ ನಾನೇ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೆ. ತಂಗಿಯ ಹಸು ಕರು ಹಾಕಿದ್ದು, ಅಲ್ಲಿ ನೀರು ಎಷ್ಟು ಏರಿದೆ ಎಂಬುದು, ನೆರೆ ಇಳಿದ ಮೇಲೆ ಮರಳದಿಬ್ಬ ಯಾವ ಕಡೆ ಸರಿದಿರುತ್ತದೆ ಎಂದು ನೀರಿನ ಬಣ್ಣ ನೋಡಿ ಹೇಳುವುದು ಹೇಗೆ ಎಂಬುದು. ಹತ್ತು ಕಾಗದ ಬರೆದಿರಬೇಕು; ಕೊನೆಗೆ ಹೇಗೋ ಅವನನ್ನು ದಡಕ್ಕೆ ವಾಪಸು ತಂದು ಕೂರಿಸಿದೆ. ಬರೆಯುವಾಗ ಖುಷಿಯಾಗುತ್ತಿತ್ತು, ಓದುವಾಗ ನಾಚಿಕೆಯಾಗುತ್ತಿತ್ತು.

ಎರಡು ತಿಂಗಳಿಗೆ ಗುಳ್ಳೆ ಕರಗಿತು, ಹೊಸ ಕನ್ನಡಕ ಬಂತು. ದೃಷ್ಟಿ ಪೂರ್ತಿ ಮರಳಲಿಲ್ಲ. ನೇರ ಗೆರೆ ಸ್ವಲ್ಪ ಬಾಗಿ ಕಾಣುತ್ತದೆ, ಸಣ್ಣ ಅಕ್ಷರ ಈಜಾಡುತ್ತದೆ ಎನ್ನುತ್ತಿದ್ದರು. ಆದರೂ ಕೆಲಸಕ್ಕೆ ಹೋದರು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ತಾವೇ ಓದತೊಡಗಿದರು. ನಾನು ನಿಲ್ಲಿಸಿದಲ್ಲಿಂದ ಮುಂದಕ್ಕೆ ಓದುತ್ತಿದ್ದಾರೆ ಎಂದು ನಂಬಿ ನಿರಾಳವಾದೆ.

ಅಕ್ಕ ಹುಷಾರಾದ ಖುಷಿಗೆ ನನ್ನ ಗಂಡ ದುಬೈನ ಪುಸ್ತಕದಂಗಡಿಯಿಂದ ಆ ಕಥೆಯ ಮಾಂಗಾದ ಮೊದಲ ಮೂರು ಸಂಪುಟ ತಂದುಕೊಟ್ಟರು. ಮುಖಪುಟ ನೋಡಿ ನಮಗಿಬ್ಬರಿಗೂ ಸಿಟ್ಟು ಬಂತು. ನಲವತ್ತು ದಾಟಿದವಳನ್ನು ಇಪ್ಪತ್ತರ ಹುಡುಗಿಯ ಹಾಗೆ ಬರೆದಿದ್ದರು. ಹಾಗೆ ಬರೆಯದಿದ್ದರೆ ಪುಸ್ತಕ ಮಾರಾಟವಾಗುವುದಿಲ್ಲವೇನೋ. ಆದರೆ ಮುಂದಿನ ಸಂಪುಟಗಳನ್ನು ತರಿಸಿ ನೋಡಿದಾಗ, ಚಿತ್ರಕಾರರು ಯಾರಿಗೂ ಹೇಳದೆ ಅವಳನ್ನು ಬದಲಾಯಿಸುತ್ತ ಬಂದಿದ್ದು ಕಂಡಿತು. ಸಂಪುಟದಿಂದ ಸಂಪುಟಕ್ಕೆ ಮಣಿಕಟ್ಟು ದಪ್ಪವಾಗಿತ್ತು, ಭುಜ ಅಗಲವಾಗಿತ್ತು, ಕಣ್ಣಿನ ಸುತ್ತ ಬಿಸಿಲಿನ ಗೆರೆ ಬಿದ್ದಿತ್ತು. ಐದನೆಯ ಸಂಪುಟಕ್ಕೆ ಬರುವಷ್ಟರಲ್ಲಿ ಅವಳು ನಮ್ಮವಳೇ ಆಗಿದ್ದಳು.

ಬಾಯಲ್ಲಿ ಕಥೆ ಹೇಳಿ ಹೇಳಿ ಸೋತ ನನಗೆ, ಆ ಚಿತ್ರಕಾರರು ಮಾಡಿದ್ದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತಿತ್ತು. ಲೇಖಕರು ಪ್ರತಿ ಪ್ರಯಾಣಿಕರ ಪೂರ್ವಕಥೆಗೆ ಎರಡೆರಡು ಪುಟ ಕೊಟ್ಟಿದ್ದರೆ, ಈ ಚಿತ್ರಕಾರರು ಪ್ರಯಾಣಿಕರ ಗಂಟುಮೂಟೆಯನ್ನಷ್ಟೇ ಬಿಡಿಸುತ್ತಿದ್ದರು. ಒಬ್ಬ ವಿಧವೆಯ ಗಂಟಿನ ಮೇಲೆ ಗಂಡಸಿನ ಹಳೆಯ ಚಪ್ಪಲಿ ಒಂದು ಜೊತೆ ಕಟ್ಟಿತ್ತು. ಅಷ್ಟೇ ಚಿತ್ರ, ಮಾತಿಲ್ಲ. ನಾನು ಕಾದಂಬರಿಯಲ್ಲಿ ಆ ಚಪ್ಪಲಿ ಹುಡುಕಿದೆ. ಇರಲಿಲ್ಲ. ಚಿತ್ರಕಾರರೇ ತಂದಿಟ್ಟಿದ್ದರು. ಆದರೂ ಲೇಖಕರು ಬರೆಯಲು ಮರೆತಿದ್ದನ್ನು ಇವರು ನೆನಪಿಸಿದಂತಿತ್ತು. ನನ್ನ ಕಾಗದಗಳ ಬಗ್ಗೆ ಒಳಗೊಳಗೇ ಸ್ವಲ್ಪ ಧೈರ್ಯ ಬಂದದ್ದು ಆಗ.

ಮರುವರ್ಷ ಅನಿಮೆ ಬಂತು. ವಾರಕ್ಕೊಂದರಂತೆ ಹನ್ನೆರಡು ಕಂತು. ನಮ್ಮ ಸಿಲಿಕಾನ್ ಓಯಸಿಸ್ ಮನೆಯಲ್ಲಿ ದೊಡ್ಡ ಟಿವಿ ಇದ್ದುದರಿಂದ ಅಕ್ಕ ತಮ್ಮ ವಾರದ ರಜೆಯನ್ನು ಶನಿವಾರಕ್ಕೆ ಬದಲಾಯಿಸಿಕೊಂಡು ನನ್ನ ಜೊತೆ ಬರತೊಡಗಿದರು. ಕಾದಂಬರಿಯಲ್ಲಿ ಕಡವಿನ ಸುಂಕಕ್ಕಾಗಿ ನಡೆಯುವ ಜಗಳದ ಅಧ್ಯಾಯಗಳನ್ನು ಅನಿಮೆಯವರು ಪೂರ್ತಿ ಕೈಬಿಟ್ಟಿದ್ದರು. ಎಲ್ಲೂ ಇಲ್ಲದ ಒಂದು ಜಾತ್ರೆಯನ್ನು ಸೇರಿಸಿ ನಾಯಕಿಗೆ ಹೊಸ ಬಟ್ಟೆ ತೊಡಿಸಿದ್ದರು. ಅಕ್ಕ ಅದಕ್ಕೆ ನಕ್ಕರು. ಆದರೆ ನೀರನ್ನು ಅವರು ತೋರಿಸಿದ ಬಗೆಗೆ ಇಬ್ಬರೂ ಸೋತಿದ್ದೆವು. ಬೆಳಗಿನ ನೀರು ಬೇರೆ, ನೆರೆಯ ನೀರು ಬೇರೆ, ಸುಳಿಯ ಅಂಚಿನ ನೀರು ಬೇರೆ.

ಒಂಬತ್ತನೆಯ ಕಂತಿನ ಮೊದಲ ದೃಶ್ಯದಲ್ಲೇ ನನಗೆ ತಿಳಿದುಹೋಯಿತು. ಅಜ್ಜ ಗಳ ಊರುತ್ತ ತುಟಿಯಲ್ಲೇ ಎಣಿಸುತ್ತಿದ್ದ. ಚಹಾ ಮಾಡಿ ತರುತ್ತೇನೆಂದು ಎದ್ದೆ. “ಕೂತ್ಕೊ,” ಎಂದರು ಅಕ್ಕ, ಟಿವಿಯಿಂದ ಮುಖ ತಿರುಗಿಸದೆ.

ಅವನ ಕಣ್ಣಲ್ಲಿ ರಾತ್ರಿಯಂಥ ಕತ್ತಲೆ ತುಂಬಿತು ಎಂದು ಕಾದಂಬರಿಯಲ್ಲಿತ್ತು. ಅನಿಮೆಯಲ್ಲಿ ಎಲ್ಲೂ ಕತ್ತಲೆ ಆಗಲಿಲ್ಲ. ಎದುರು ದಡದ ಗೆರೆ ಸ್ವಲ್ಪ ಬಾಗಿತು. ಮಾತಾಡುವವರ ಮುಖದ ನಡುಭಾಗ ಕರಗಿತು. ನೋಟ ಅಳಿಸಿದಷ್ಟೂ ಸದ್ದು ಹತ್ತಿರ ಬಂತು. ಕೆಸರಿನಿಂದ ಗಳ ಕೀಳುವ ಸದ್ದು, ಹಲಗೆಯ ಕಿರುಗುಟ್ಟುವಿಕೆ, ಒಬ್ಬೊಬ್ಬರ ಹೆಜ್ಜೆ. ಸಂಗೀತವೇ ಇಲ್ಲ. ಮಂಜಿನಲ್ಲಿ ಮಗು ಬಿದ್ದದ್ದು ನಮಗೂ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಗಳ ಕೊಡುವಾಗ ಕಾದಂಬರಿಯಲ್ಲಿ ಎರಡು ಪುಟ ಮಾತಿದೆ. ಇಲ್ಲಿ ಮುದಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಕಂತು ಮುಗಿಯಿತು. ಕಥೆಯ ಒಂದು ಸಾಲೂ ಓದಿರದ ನನ್ನ ಗಂಡ ಕಣ್ಣೊರೆಸಿಕೊಂಡು ಅಡುಗೆಮನೆಗೆ ಎದ್ದುಹೋದರು. ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಪುಸ್ತಕದಲ್ಲಿ ಕತ್ತಲೆ ಅಂತ ಬರೆದದ್ದು ತಪ್ಪು. ಕತ್ತಲೆ ಆಗುದಿಲ್ಲ. ಹೀಗೇ ಆಗುವುದು, ನೀರಿನ ಒಳಗಿಂದ ನೋಡಿದ ಹಾಗೆ. ಇವರಿಗೆ ಯಾರೋ ಗೊತ್ತಿದ್ದವರು ಹೇಳಿದ್ದಾರೆ.”

ಆ ಮಾತಿನ ಅರ್ಥ ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಪುಸ್ತಕದಲ್ಲಿ ಏನಿತ್ತೆಂದು ಅವರಿಗೆ ಗೊತ್ತಿತ್ತು. ಕೇಳಿದಾಗ ಎಲ್ಲ ಹೇಳಿದರು. ಹೊಸ ಕನ್ನಡಕ ಬಂದ ವಾರವೇ ಮೊದಲ ಅಧ್ಯಾಯದಿಂದ ಮತ್ತೆ ಓದಲು ಶುರುಮಾಡಿದ್ದರಂತೆ. ಅಜ್ಜನ ಕಾಗದಗಳನ್ನು ತಾವೇ ಓದುವ ಆಸೆಗೆ ಹುಡುಕಿದ್ದರಂತೆ, ಒಂದೂ ಸಿಗಲಿಲ್ಲವಂತೆ.

“ಒಂದು ವರ್ಷದಿಂದ ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ ಅಕ್ಕ?”

“ಮೊದಲು ಎರಡು ದಿನ ಕೋಪ ಬಂದಿತ್ತು. ನನಗೆ ತಡೆಯುವ ಶಕ್ತಿ ಇಲ್ಲ ಅಂತ ನೀನೇ ತೀರ್ಮಾನ ಮಾಡಿದ್ದಲ್ಲ, ಅದಕ್ಕೆ. ಆಮೇಲೆ ಯೋಚನೆ ಮಾಡಿದೆ. ಆಗ ಅದನ್ನು ಕೇಳಿದ್ರೆ ನಾನು ಎದ್ದು ಕೂರ್ತಿರ್ಲಿಲ್ಲ ಏನೋ. ಗೊತ್ತಿಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: “ಆ ಮರಳದಿಬ್ಬದ ಕಾಗದ ಮಾತ್ರ ಪುಸ್ತಕದಲ್ಲಿ ಇರಬೇಕಿತ್ತು. ಖಲಾಸ್, ಇನ್ನು ಅದರ ಮಾತು ಬೇಡ.”

 ಅವರ ಕೈ ಹಿಡಿದುಕೊಂಡು ಕೂತೆ. ಅನಿಮೆ ಮಾಡಿದವರೂ ಕಾದಂಬರಿಯನ್ನು ಬೇಕಾದಷ್ಟು ಕತ್ತರಿಸಿದ್ದರು, ನನ್ನಂತೆಯೇ ಇಲ್ಲದ್ದನ್ನು ಸೇರಿಸಿಯೂ ಇದ್ದರು. ಆದರೆ ನೋವಿನ ಜಾಗಕ್ಕೆ ಬಂದಾಗ ಅವರು ಪಕ್ಕಕ್ಕೆ ಸರಿಯಲಿಲ್ಲ. ನೋಡುವವರು ತಡೆದುಕೊಳ್ಳುತ್ತಾರೆ ಎಂದು ನಂಬಿದರು. ಅಷ್ಟು ನಂಬಿಕೆ ನನಗೆ ಅಕ್ಕನ ಮೇಲೆ ಇರಲಿಲ್ಲ ಎಂಬುದು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಮರುವಾರ ಅಕ್ಕ ಕಾದಂಬರಿಯ ಆ ಅಧ್ಯಾಯದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ರತಿಕ್ರಿಯೆ ಬರೆದರು. ಅಷ್ಟು ವರ್ಷ ಓದಿ ಅವರು ಬರೆದ ಮೊದಲನೆಯದು. ಕಣ್ಣು ಹೋಗುವಾಗ ಏನೇನು ಕಾಣುತ್ತದೆ, ಏನೇನು ಕಾಣುವುದಿಲ್ಲ ಎಂದು ಹತ್ತು ಸಾಲು. ವ್ಯಾಕರಣ ತಿದ್ದಲೇ ಎಂದು ಕೇಳಿದೆ. ಬೇಡ ಎಂದರು. ಅನುವಾದಕರು ಧನ್ಯವಾದ ಹೇಳಿ, ಇದನ್ನು ಜಪಾನಿಗೆ ತಿರುಗಿಸಿ ಲೇಖಕರಿಗೆ ಮುಟ್ಟಿಸುತ್ತೇನೆ ಎಂದು ಉತ್ತರ ಬರೆದರು. ಮುಟ್ಟಿತೋ ಇಲ್ಲವೋ ನಮಗೆ ತಿಳಿಯದು.

ಈ ವರ್ಷ ಮಾಂಗಾ ಕೂಡ ಆ ಭಾಗಕ್ಕೆ ಬಂದಿದೆ. ಚಿತ್ರಕಾರರು ಕತ್ತಲೆಯನ್ನೂ ಬರೆದಿಲ್ಲ, ಬಾಗಿದ ಗೆರೆಯನ್ನೂ ಬರೆದಿಲ್ಲ. ಅಜ್ಜನ ಕಣ್ಣಿಂದ ನೋಡುವ ಪುಟಗಳಲ್ಲಿ ಚಿತ್ರ ಕಡಿಮೆಯಾಗುತ್ತ ಹೋಗಿ ಕೊನೆಗೆ ಬರೀ ಬಿಳಿ ಕಾಗದ ಉಳಿಯುತ್ತದೆ, ಮೂಲೆಯಲ್ಲಿ ಗಳದ ತುದಿಯೊಂದು. ನನಗೆ ಅದೇ ಹೆಚ್ಚು ಹಿಡಿಸಿತು. ಅಕ್ಕ ಒಪ್ಪುವುದಿಲ್ಲ. ಸದ್ದಿಲ್ಲದೆ ಹೊಳೆ ದಾಟುವುದು ಹೇಗೆ ಎನ್ನುತ್ತಾರೆ. ಕಳೆದ ಶನಿವಾರ ನಮ್ಮ ದುಬೈ ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ವಾದ ನಡೆದು, ಸಾರು ಆರುತ್ತಿದೆ ಎಂದು ನನ್ನ ಗಂಡ ಎರಡು ಸಲ ಹೇಳಬೇಕಾಯಿತು.