ಸೇಫ್ಟಿ ವಾಲ್ವಿಗೆ ಇಟ್ಟ ಬೊಟ್ಟು

ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂ ನಿವೃತ್ತಿ ಪಡೆದು ಶಿವಮೊಗ್ಗದ ರವೀಂದ್ರನಗರಕ್ಕೆ ಬಂದ ಮೇಲೆ, ಮನೆ ಹಿಂದಿನ ಶೆಡ್ಡಿನಲ್ಲಿ ಮೊಳದುದ್ದದ ರೈಲು ಇಂಜಿನ್ನು ಮಾಡಲು ಕೂತೆ. ಆಟಿಕೆಯಲ್ಲ, ಇದ್ದಿಲು ಹಾಕಿ ನೀರು ಕುದಿಸಿದರೆ ತನ್ನ ಹಬೆಯಲ್ಲೇ ಓಡುವಂಥದ್ದು. ನಾಲ್ಕು ವರ್ಷ ಹಿಡಿಯಿತು. ನಡುವೆ ಯಾರಾದರೂ "ಎಲ್ಲಿಗೆ ಬಂತು?" ಎಂದು ಕೇಳಿದರೆ ಮೈ ಉರಿಯುತ್ತಿತ್ತು.

ಬಾಯ್ಲರ್ ವಿಷಯದಲ್ಲಿ ಮಾತ್ರ ಒಬ್ಬನ ಮಾತು ಕೇಳುತ್ತಿದ್ದೆ. ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಭದ್ರಾವತಿಯ ಗೆಳೆಯ, ಮನೆಮಾತು ತಮಿಳು. "ತಂಬಿಗೆಯಷ್ಟೇ ಇದೆ ಅಂತ ಸದರ ಮಾಡ್ಕೋಬೇಡ ಮಾರಾಯ. ಒಡೆದ್ರೆ ಪಕ್ಕ ಕೂತವ್ರು ಉಳಿಯಲ್ಲ," ಎಂದಿದ್ದ. ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಂಡು ಹಬೆ ಹೊರಬಿಡುವ ಸೇಫ್ಟಿ ವಾಲ್ವನ್ನು ಇಬ್ಬರೂ ಕೂತು ಸರಿಮಾಡಿದ್ದೆವು.

ಆಯುಧಪೂಜೆಯ ದಿನ ಲೇತಿಗೆ, ಅರಗಳಿಗೆ, ಇಂಜಿನ್ನಿಗೆ ಪೂಜೆ ಮಾಡಿದೆ. ಬೊಟ್ಟಿಡಲು ಇಂಜಿನ್ನಿನ ಹಣೆ ಯಾವುದೆಂದು ನೋಡಿ, ಎಲ್ಲಕ್ಕಿಂತ ಮೇಲೆ ಹೊಳೆಯುತ್ತಿದ್ದ ಆ ವಾಲ್ವಿಗೇ ಧಾರಾಳವಾಗಿ ಗಂಧ ಮೆತ್ತಿ ಕುಂಕುಮ ಇಟ್ಟೆ. ಗಂಧ ಅದರ ತೂತಿನೊಳಗೆ ಇಳಿದು ಒಣಗುತ್ತದೆಂದು ಹೊಳೆಯಲೇ ಇಲ್ಲ. ಭಕ್ತಿಯೋ ಜಂಬವೋ, ಇವತ್ತಿಗೂ ಹೇಳಲಾರೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಗೆಳೆಯ ಬಸ್ಸಿನಲ್ಲಿ ಬಂದ. ಹಿತ್ತಲಿನಲ್ಲಿ ಚಕ್ರಗಳು ನೆಲಕ್ಕೆ ತಾಗದಂತೆ ಇಂಜಿನ್ನನ್ನು ಮರದ ದಿಮ್ಮಿಗಳ ಮೇಲಿಟ್ಟಿದ್ದೆ.

"ವಾಲ್ವ್ ಒಂದ್ಸಲ ಬಿಚ್ಚಿ ನೋಡೋಣ," ಎಂದ.

"ಮೊನ್ನೆ ತಾನೇ ನೋಡಿದ್ದೀವಿ. ಪೂಜೆ ಗಂಧ ಒರೆಸೋದು ಬೇಡ," ಎಂದು ರೇಗಿದೆ. ಹಬ್ಬದ ದಿನ ಜಗಳ ಯಾಕೆಂದು ಅವನು ಇದ್ದಿಲಿನ ಚೀಲ ಬಿಚ್ಚಿದ.

ಇದ್ದಿಲು ಹೊತ್ತಿತು. ಹೆಂಡತಿ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದಳು. ಒತ್ತಡ ತೋರಿಸುವ ಗೇಜಿನ ಮುಳ್ಳು ಮೆಲ್ಲಗೆ ಏರಿ ಕೆಂಪು ಗೆರೆಗೆ ಬಂತು. ಅಲ್ಲಿ ವಾಲ್ವು ಬುಸ್ಸೆನ್ನಬೇಕು. ಅನ್ನಲಿಲ್ಲ. ಮುಳ್ಳು ಗೆರೆ ದಾಟಿತು. ಗೆಳೆಯ ಕುಂಕುಮವನ್ನು ನೋಡಿದ, ಆಮೇಲೆ ನನ್ನನ್ನು. ನನಗೆ ಎಲ್ಲ ಅರ್ಥವಾಯಿತು. ಮುಳ್ಳು ಇನ್ನೂ ಏರುತ್ತಲೇ ಇತ್ತು.

ಮುಂದೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಓಡಿದೆ. ಹೆಂಡತಿಯನ್ನು ಕೂಗಲೂ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮುದುರಿ ಕೂತು ಕಣ್ಣು ಮುಚ್ಚಿಕೊಂಡೆ. ಮಾತು ಮಾತ್ರ ಕೇಳಿಸುತ್ತಿತ್ತು.

"ಅಕ್ಕ, ಏಳಿ, ದೂರ ಹೋಗಿ," ಎಂದ ಗೆಳೆಯ.

"ನೀವೊಬ್ರೇ ಏನ್ಮಾಡ್ತೀರಿ? ನಾನೇನು ಮಾಡ್ಲಿ ಹೇಳಿ."

"ಹಾಗಾದ್ರೆ ಬಾಯ್ಲರಿನ ಆ ಕೈಪಂಪು ಒತ್ತಿ. ತಣ್ಣೀರು ಒಳಗೆ ಹೋಗ್ಲಿ."

ಅವನು ಕೆಂಡ ಎಳೆದು ನೆಲಕ್ಕೆ ಕೆಡವಿದ ಸದ್ದು. ಆಮೇಲೆ ಚಕಚಕ, ಚಕಚಕ ಎಂದು ಶುರುವಾಗಿ, ಜೋರಾಗಿ, ನಿಧಾನವಾಗಿ ನಿಂತಿತು. ಹಬೆ ಖಾಲಿ ಮಾಡಲು ಗೆಳೆಯ ಇಂಜಿನ್ನನ್ನೇ ಓಡಿಸಿಬಿಟ್ಟಿದ್ದ.

ಎದ್ದು ಬಂದೆ. ಹೆಂಡತಿ ಇನ್ನೂ ನನಗೆ ಬೆನ್ನು ಹಾಕಿ ಕೂತಿದ್ದಳು, ಪಂಪಿನ ಹಿಡಿ ಬಿಟ್ಟಿರಲಿಲ್ಲ. ನಾನು ಓಡಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ತಿರುಗಿ ನಕ್ಕಳು. ಮುಖವೆಲ್ಲ ಬೆವರು, ಮಸಿ.

"ಚಕ್ರ ಎಷ್ಟು ಚೆನ್ನಾಗಿ ತಿರುಗ್ತು ರೀ. ನೋಡಿದ್ರಾ?"

ಗೆಳೆಯ ತಲೆಯೆತ್ತದೆ, ಸುಟ್ಟ ಅಂಗೈ ಮೇಲೆ ನೀರು ಸುರಿದುಕೊಳ್ಳುತ್ತಿದ್ದ.

"ನೋಡಿದೆ," ಎಂದೆ.