ವಿಭೂತಿ ಹಚ್ಚಿಸಿಕೊಂಡ ಸ್ಟೆತಸ್ಕೋಪು

ನನ್ನ ಸ್ವಂತದ ಸ್ಟೆತಸ್ಕೋಪು ಕೈಗೆ ಬಂದ ದಿನ ಮಸ್ಕಿಯ ನಮ್ಮ ಮನೆಯಲ್ಲಿ ಯಾರನ್ನೂ ಸುಮ್ಮನೆ ಕೂಡಲು ಬಿಡಲಿಲ್ಲ. ಲಿಂಗಸುಗೂರಿನಲ್ಲಿ ನರ್ಸಿಂಗ್ ಕಲಿಯುವಾಗೆಲ್ಲ ಎರವಲಿನಲ್ಲೇ ಕಾಲ ಕಳೆದವಳು ನಾನು. ಈಗ ಬಳಗಾನೂರಿನ ಆಚೆಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು, ಸ್ಟೆತಸ್ಕೋಪೂ ನನ್ನದೇ! ಅಪ್ಪನ ಎದೆ ಕೇಳಿದೆ, ಅವ್ವನದು ಕೇಳಿದೆ, ಕಟ್ಟಿದ ಎಮ್ಮೆಯನ್ನೂ ಬಿಡಲಿಲ್ಲ. ಅದರ ಹೊಟ್ಟೆಯೊಳಗೆ ಹಿಟ್ಟಿನ ಗಿರಣಿಯೇ ನಡೆದಿತ್ತು.

ನಮ್ಮಲ್ಲಿ ಹೊಸದು ಏನೇ ಬರಲಿ, ವಿಭೂತಿ ಹಚ್ಚದೆ ಬಳಸುವಂತಿಲ್ಲ. ಟ್ರ್ಯಾಕ್ಟರ್, ಮಿಕ್ಸಿ, ಮೊಬೈಲ್, ಎಲ್ಲಕ್ಕೂ ಮೂರು ಪಟ್ಟೆ. ಕೆಲಸಕ್ಕೆ ಹೊರಡುವ ಮುಂಜಾನೆ ಅವ್ವ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಸ್ಟೆತಸ್ಕೋಪಿನ ಮುಂದೆ ಕೂತಳು. ನಾನು ಸೀರೆಯ ನೆರಿಗೆ ಹಿಡಿಯುವ ಗಡಿಬಿಡಿಯಲ್ಲಿದ್ದೆ. "ಸಾಕು ಬಿಡಬೇ, ಬಸ್ ತಪ್ಪತೈತಿ" ಎಂದು ಕಸಿದುಕೊಂಡು ಓಡಿದೆ. ಬಸ್ಸಿನಲ್ಲಿ, ಎದೆಗೆ ಇಡುವ ಬಿಲ್ಲೆಯ ಮೇಲಿನ ಪಟ್ಟೆಗಳನ್ನು ಸೆರಗಿನಿಂದ ಒರೆಸಿದೆ, ಮುಗಿಯಿತು ಎಂದುಕೊಂಡೆ.

ಉಪಕೇಂದ್ರಕ್ಕೆ ಮೊದಲು ಬಂದವಳು ತುಂಬು ಬಸುರಿ. ಭತ್ತದ ನಾಟಿಯಿಂದ ನೇರವಾಗಿ ಬಂದಿದ್ದಳು, ಮೊಣಕಾಲತನಕ ಕೆಸರು.

"ತಲಿ ಸಿಡ್ಯಾಕತ್ತೈತ್ರೀ ಸಿಸ್ಟರ್. ಒಂದು ಗುಳಿಗಿ ಕೊಡ್ರಿ, ಹೊಲದಾಗ ಎಲ್ರೂ ಕಾಯಾಕತ್ತಾರ."

"ಮುಖ ಯಾಕ ಬಾತೈತಿ?"

"ನೀರಾಗ ನಿಂತು ನಿಂತು ಬಾತೈತ್ರೀ."

ನೀರಿನಲ್ಲಿ ನಿಂತವರ ಕಾಲು ಬಾಯಬಹುದು, ಮುಖ ಏಕೆ ಬಾಯುತ್ತದೆ? ಬಿಪಿ ಏರಿದ್ದರೆ ತಾಯಿ, ಮಗು ಇಬ್ಬರಿಗೂ ಜೀವದ ಕುತ್ತು. ಡಿಜಿಟಲ್ ಮಷೀನಿನ ಸೆಲ್ ಸತ್ತಿತ್ತು. ಮುಳ್ಳಿನ ಹಳೆಯ ಮಷೀನು ತೆಗೆದು, ಅದರ ಪಟ್ಟಿಯನ್ನು ತೋಳಿಗೆ ಸುತ್ತಿ ಗಾಳಿ ತುಂಬಿದೆ, ಮೊಣಕೈ ಮಡಿಕೆಯಲ್ಲಿ ಬಿಲ್ಲೆ ಇಟ್ಟು ನಿಧಾನವಾಗಿ ಗಾಳಿ ಬಿಟ್ಟೆ. ಏನೂ ಕೇಳಲಿಲ್ಲ. ಎಮ್ಮೆಯ ಹೊಟ್ಟೆ ಕೇಳಿದ ಸ್ಟೆತಸ್ಕೋಪಿಗೆ ಮನುಷ್ಯರ ತೋಳು ಕೇಳಬಾರದೇ!

ಅವಳು ಎದ್ದೇಬಿಟ್ಟಳು. ರಟ್ಟೆ ಹಿಡಿದು ಕೂರಿಸಿದೆ. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆಗೇ ಬಾಗಿದ್ದವು, ತಿರುವುಮುರುವು ಆಗಿರಲಿಲ್ಲ. ಬಿಲ್ಲೆಯನ್ನು ಬೆರಳಿನಿಂದ ತಟ್ಟಿದೆ, ಸದ್ದಿಲ್ಲ. ಎರಡು ಮುಖದ ಬಿಲ್ಲೆಯಲ್ಲಿ ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರುತ್ತದೆ. ತಿರುಗಿಸಿ ತಟ್ಟಿದೆ, ಆಗಲೂ ಇಲ್ಲ. ಕಡೆಗೆ ಕಿವಿಯಿಂದ ತೆಗೆದು ನೋಡಿದರೆ, ರಬ್ಬರ್ ತುದಿಗಳ ತೂತಿನ ತುಂಬ ಬೆಳ್ಳಗೆ ಒಣಗಿದ ವಿಭೂತಿ!

"ಪಿನ್ನು ಐತೇನ ನಿನ್ನತ್ರ?"

ಅವಳು ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ವಿಭೂತಿ ಕೊಳವೆಯೊಳಗೆ ಬೀಳಬಾರದೆಂದು ರಬ್ಬರನ್ನು ಬಿಚ್ಚಿಕೊಂಡು ಕೆದಕಿದೆ, ಸ್ಪಿರಿಟ್ ಹತ್ತಿಯಿಂದ ಒರೆಸಿ ಕೂಡಿಸಿದೆ. ತಟ್ಟಿದೆ. ಡಬ್ ಎಂದಿತು! ಕುಣಿಯುವುದೊಂದೇ ಬಾಕಿ. ಮತ್ತೆ ಪಟ್ಟಿ ಸುತ್ತಿ ಗಾಳಿ ಬಿಟ್ಟರೆ, ಮುಳ್ಳು ಇನ್ನೂ ಬಹಳ ಮೇಲಿರುವಾಗಲೇ ಸದ್ದು ಶುರುವಾಯಿತು, ಅಂದರೆ ಬಿಪಿ ವಿಪರೀತ ಏರಿತ್ತು. ನನ್ನ ಹಿಗ್ಗು ಅಲ್ಲಿಗೇ ಇಳಿಯಿತು. ಸಿಂಧನೂರಿನ ಆಸ್ಪತ್ರೆಗೆ ಕಳಿಸಲು ಆಂಬುಲೆನ್ಸಿಗೆ ಫೋನು ಮಾಡಿದೆ.

"ಗುಳಿಗಿ ಕೇಳಾಕ ಬಂದ್ರ ದವಾಖಾನಿಗೆ ಹಾಕತೀರೇನ್ರಿ?"

"ಹೂಂ, ಹಾಕತೀನಿ. ಬೇಕಾದಷ್ಟು ಬೈಯಿ, ಆದ್ರ ಗಾಡಿ ಹತ್ತು."

ಬೈಯುತ್ತಲೇ ಹತ್ತಿದಳು.

ಸಂಜೆ ಮನೆಗೆ ಹೋಗಿ ಅವ್ವನ ಮೇಲೆ ಹರಿಹಾಯ್ದೆ. "ಕೇಳೋದು ಕಿವಿಲ್ಲೇ ಅಲ್ಲೇನ? ಅದಕ್ಕ ಅಲ್ಲೀನೂ ಒಂದೀಟು ಹಚ್ಚೀನಿ" ಎಂದಳು, ಏನೂ ಆಗಿಲ್ಲವೆಂಬಂತೆ. ಅಂದಿನಿಂದ ವಿಭೂತಿ ಸ್ಟೆತಸ್ಕೋಪಿನ ಡಬ್ಬಿಗೆ ಮಾತ್ರ, ಅದೂ ಮುಚ್ಚಿದ ಮೇಲೆ. ಪ್ರತಿ ರೋಗಿಯ ನಂತರ ಒರೆಸುತ್ತೇನೆ, ಕಿವಿಗೆ ಹಾಕಿಕೊಂಡ ಕೂಡಲೇ ಬಿಲ್ಲೆ ತಟ್ಟುತ್ತೇನೆ. ನಮ್ಮ ಬಿಸಿಲಿನಲ್ಲಿ ಕೊಳವೆ ಬೇಗ ಬಿರಿಯುತ್ತದೆಂದು, ಆಮೇಲೆ ಕೊಂಡ ಸ್ಕೂಟರಿನ ಡಿಕ್ಕಿಯಲ್ಲಿ ಇಡುವುದಿಲ್ಲ. ಆದರೆ ಆ ರಾತ್ರಿ ಇದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಆ ಬಸುರಿ ಏನಾದಳೋ ಎಂಬ ಒಂದೇ ಚಿಂತೆ.

ಮರುದಿನ ಮಧ್ಯಾಹ್ನ ಸಿಂಧನೂರಿನಿಂದ ಫೋನು ಬಂತು. ಅವಳೇ! ದನಿ ಸೋತಿತ್ತು, ಜಗಳ ಮಾತ್ರ ಹಾಗೇ ಇತ್ತು.

"ಸಿಸ್ಟರ್, ನಿಮ್ಮಿಂದ ನನ್ನ ನಾಟಿ ಕೂಲಿ ಹೋತು ನೋಡ್ರಿ. ತಡೀರಿ, ಇಲ್ಲೊಬ್ಬಾಕಿ ಮಾತಾಡ್ತಾಳಂತ."

ಆಮೇಲೆ ಕೇಳಿದ ಅಳು ಎಷ್ಟು ಜೋರಾಗಿತ್ತೆಂದರೆ, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.