ಹೊಟ್ಟೆಯ ಮೇಲಿನ ಕೆಮ್ಮಣ್ಣು

ಕುರಿಗಳಿಗೆ ಗುರುತು ಹಾಕಲು ಸೊಸೆ ಕೆಮ್ಮಣ್ಣಿಗೆ ಹರಳೆಣ್ಣೆ ಸುರಿದು ಕಲಸುತ್ತಿದ್ದಾಳೆ. ಅದರ ವಾಸನೆ ಒಲೆಯವರೆಗೂ ಬಂತು. ಮದುವೆಯಾಗಿ ಬಂದಾಗಿನಿಂದ ಈ ವಾಸನೆಯನ್ನು ಬೈದವಳು ನಾನು. ಗಂಡನ ಅಂಗಿ, ಕಂಬಳಿ, ಕೊನೆಗೆ ಉಣ್ಣುವ ಗಂಗಾಳಕ್ಕೂ ಅದೇ ವಾಸನೆ.

ನಮ್ಮ ಗುಡೇಕೋಟೆ ಕಡೆಯ ಕುರಿಗಾರರಿಗೆ ಒಂದು ಚಾಳಿಯಿದೆ ನೋಡಿ. ಕುರಿ ಸತ್ತರೆ ಹೊಟ್ಟೆ ಸೀಳಿ ನೋಡದೆ ಬಿಡುವುದಿಲ್ಲ. ರೋಗ ಯಾವುದೆಂದು ತಿಳಿದರೆ ಉಳಿದವನ್ನಾದರೂ ಕಾಯಬಹುದು. ಕ್ಯಾನ್ಸರ್ ಎಂದು ಆಸ್ಪತ್ರೆಯಲ್ಲಿ ನನ್ನ ಗಂಡನ ಹೊಟ್ಟೆಯ ಚೀಲವನ್ನೇ ಕತ್ತರಿಸಿ ತೆಗೆದರಲ್ಲ, ಎಚ್ಚರವಾದ ಮೇಲೆ ಆತ ಕೇಳಿದ್ದು ನೀರನ್ನಲ್ಲ.

"ಡಾಕ್ಟರಮ್ಮಾರ, ನನ್ನ ಬೋಟಿ ನನಗೊಮ್ಮಿ ತೋರಿಸ್ರಿ."

ಅದು ಪರೀಕ್ಷೆಗೆ ಹೋಗಿದೆ, ವರದಿ ನೋಡಿ ಮುಂದಿನದು ಎಂದರು. ಆತನಿಗಿದ್ದ ಚಿಂತೆ ಒಂದೇ: ಸುಗ್ಗಿಯಾದ ಮೇಲೆ ಮಂದೆ ಹೊಡೆದುಕೊಂಡು ಮಾಗಳದ ಹೊಳೆದಂಡೆಗೆ ಹೋಗಲು ಆದೀತೋ ಇಲ್ಲವೋ.

ವರದಿ ಬಂತು. ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲ ಎಂದರು. ಇನ್ನು ಮನೆಗೆ ಹೋಗಬಹುದೆಂದು ನಾನು ಬುತ್ತಿ ಡಬ್ಬಿ ಎತ್ತಿಕೊಂಡು ಎದ್ದೇ ನಿಂತೆ.

"ಕುಂದ್ರಮ್ಮ," ಎಂದರು ಡಾಕ್ಟರಮ್ಮ. "ಅಂಚಿನ್ಯಾಗ ಇಲ್ಲ, ಖರೆ. ಆದ್ರ ಹೊಟ್ಟಿ ಗ್ವಾಡಿ ದಾಟೈತಿ, ಪಕ್ಕದ ಗಂಟಿನ್ಯಾಗೂ ಸಿಕ್ಕೈತಿ. ಕಣ್ಣಿಗೆ ಕಾಣದ್ದು ಉಳಿದಿರಬೌದು. ಔಷಧದ ಜೋಡಿ ಕರೆಂಟು, ಅಂದ್ರ ರೇಡಿಯೇಶನ್, ಕೊಡಬೇಕು."

"ಕೊಳೆತದ್ದು ಕೊಯ್ದು ಒಗದ್ರ ಉಳಿದ ಕುಂಬಳಕಾಯಿ ಸಾರಿಗಿ ಹಾಕ್ತೀವಲ್ರಿ?" ಎಂದೆ.

"ಸುಮ್ಕಿರಲೇ," ಆತ ಗದರಿದ. "ಗಂಟಿಗೆ ಇಳಿದೈತಿ ಅಂದ್ರ ಇಳಿದೈತಿ. ಕುರಿಯಾಗ ನೋಡಿಲ್ಲೇನು?"

ಆ ವರ್ಷ ಮಂದೆ ಆತನಿಲ್ಲದೆ ಹೋಯಿತು.

ಕರೆಂಟು ಬೀಳುವ ಜಾಗಕ್ಕೆ ಹೊಟ್ಟೆಯ ಮೇಲೆ ಶಾಯಿಯ ಗೆರೆ ಎಳೆದು, ಅಳಿಸಬೇಡಿ ಎಂದರು. ಭಾನುವಾರ ಊರಿಗೆ ಬಂದಾಗ ಬೆವರಿಗೆ ಅಳಿಸಿಯೇ ಹೋಯಿತು. ಸೋಮವಾರ ಕರೆಂಟು ಕೊಡುವ ಯಂತ್ರದ ಹುಡುಗಿ ಅಂಗಿ ಎತ್ತಿ ನೋಡಿ ಹೌಹಾರಿದಳು.

"ಅಜ್ಜಾ, ಏನಿದು?"

"ಗೆರಿ ಅಳಿಸಿತ್ತವ್ವಾ. ಕೆಮ್ಮಣ್ಣು ಹಚ್ಚೀನಿ. ಮಳಿಗೂ ಹೋಗಂಗಿಲ್ಲ."

ತಾನೇ ಬಗ್ಗಿ ಎಳೆದುಕೊಂಡದ್ದು, ಅದೂ ಸೊಟ್ಟ. ಅವಳು ಬೈದು, ಒರೆಸಿ, ಮತ್ತೆ ಅಳೆದು ಶಾಯಿ ಹಾಕಿದಳು. ನನಗೆ ನಗು ತಡೆಯಲಾಗಲಿಲ್ಲ. ಆತನಿಗೆ ಹೇಳಿದೆ:

"ಬಿಡು, ನಿನಗೂ ಗುರುತು ಬಿತ್ತು. ಯಾರ ಹಿಂಡಿನ್ಯಾಗ ಹೊಕ್ಕರೂ ಹುಡುಕಿ ತರ್ತೀನಿ."

ಮರುವರ್ಷ ಆತ ಮಾಗಳಕ್ಕೆ ಹೋಗಿ ಬಂದ. ಅದರ ಮುಂದಿನ ವರ್ಷ ರೋಗ ತಿರುಗಿ ಬಂತು. ಹುಡುಕಿ ತರುವಂಥ ಕಡೆ ಆತ ಹೋಗಲಿಲ್ಲ.

ಸೊಸೆ ಈಗ ಕೆಮ್ಮಣ್ಣಿನ ಬೋಗುಣಿಗೆ ತಟ್ಟೆ ಮುಚ್ಚಲು ಬಂದಳು. "ವಾಸನಿಗೆ ಬೈತೀರಲ್ಲ ಅತ್ತಿ, ಮುಚ್ತೀನಿ ತಡೀರಿ."

"ಮುಚ್ಚಬ್ಯಾಡ," ಎಂದೆ. "ಹಂಗ ಇರ್ಲಿ."